ನಮ್ಮೂರ ಅಪ್‌ಡೇಟ್

ಕರ್ಜಗಿಗೆ ಬಂದು ‘ಅಪ್‌ಡೇಟ್ ಎಲ್ಲಿ ಅದಾನ್ರಿ?’ ಎಂದು ಕೇಳಿದರೆ ಯಾರೂ ಫೋನ್ ಹೊರತೆಗೆಯುವುದಿಲ್ಲ. ನೇರವಾಗಿ ಚಾದಂಗಡಿಯ ಕಡೆ ಕೈ ತೋರಿಸುತ್ತಾರೆ. ತಂದೆ-ತಾಯಿ ಇಟ್ಟ ಹೆಸರು ಅವನಿಗೂ ಇದೆ. ಅದು ಆಧಾರ್ ಕಾರ್ಡಿನಲ್ಲಿ ಒಂದು ರೀತಿ, ಮಾರ್ಕ್ಸ್‌ಕಾರ್ಡಿನಲ್ಲಿ ಇನ್ನೊಂದು ರೀತಿ ಅಚ್ಚಾಗಿರುವುದರಿಂದ ಊರಿನವರು ಜಗಳವೇ ಬೇಡವೆಂದು ಮೂರನೆಯದೊಂದನ್ನು ಇಟ್ಟುಕೊಂಡಿದ್ದಾರೆ. ವಯಸ್ಸು ಇಪ್ಪತ್ತಮೂರೋ ಇಪ್ಪತ್ನಾಲ್ಕೋ. ಹಾವೇರಿಯಲ್ಲಿ ಬಿಸಿಎ ಓದಿದ. ಅವನು ಕಾಲೇಜು ಬಿಟ್ಟು ಬಹಳ ದಿನವಾಯಿತು, ಎರಡು ಪೇಪರುಗಳು ಮಾತ್ರ ಅವನನ್ನು ಇನ್ನೂ ಬಿಟ್ಟಿಲ್ಲ. ಟೀಶರ್ಟಿನ ಎದೆಯ ಮೇಲೆ ಅವನು ಕಂಡರಿಯದ ಯಾವುದೋ ಅಮೆರಿಕದ ವಿಶ್ವವಿದ್ಯಾಲಯ, ಕಿವಿಯಲ್ಲಿ ಬಡ್ಸ್, ಕಿಸೆಯಲ್ಲಿ ಪವರ್‌ಬ್ಯಾಂಕ್. ಅಪ್ಪ ಹೊಲಕ್ಕೆ ಹೋಗುವಾಗ ಬುತ್ತಿ ಮರೆತಾನು, ಮಗ ಹಿತ್ತಲಿಗೆ ಹೋಗುವಾಗಲೂ ಚಾರ್ಜರ್ ಮರೆಯುವುದಿಲ್ಲ.

ಇವನಿಗೆ ಅಭಿಪ್ರಾಯವಿಲ್ಲದ ವಿಷಯ ಭೂಮಿಯ ಮೇಲಿಲ್ಲ. ಕೇಳಬೇಕೆಂದೂ ಇಲ್ಲ. ಮಂಡಕ್ಕಿಗೆ ಈರುಳ್ಳಿ ಬೀಳುವಷ್ಟರಲ್ಲಿ ಎರಡು ಅಭಿಪ್ರಾಯ ಬಿದ್ದಿರುತ್ತವೆ. ಜಾತಿಯಲ್ಲಿ ನಂಬಿಕೆಯಿಲ್ಲ ಎನ್ನುತ್ತಾನೆ. ಆದರೆ ಮನುಷ್ಯರನ್ನು ಫೋನಿನ ಮೇಲೆ ವಿಂಗಡಿಸುತ್ತಾನೆ. ‘ನೋಡ್ರಿ ಸರ, ಐಫೋನ್ ಇದ್ದಾವ ಮಾತಾಡಂಗಿಲ್ಲ. ಫೋನ್ ಟೇಬಲ್ ಮ್ಯಾಲೆ ಇಡ್ತಾನ, ಅದ ಮಾತಾಡತೈತಿ.’ ಅವನದೂ ಐಫೋನೇ. ಕಂತು ಇನ್ನೂ ಮುಗಿದಿಲ್ಲವಾದ್ದರಿಂದ ಫೋನಿನ ಜೊತೆಗೆ ಬ್ಯಾಂಕಿನವರೂ ಆಗಾಗ ಮಾತಾಡುತ್ತಾರೆ.

ಒಂದು ದಿನ ಕ್ಲೌಡ್ ಎಂದರೇನು ಎಂದು ಚಾದಂಗಡಿಗೆಲ್ಲ ತಿಳಿಸಿ ಹೇಳುವ ಉಮೇದು ಬಂತು. ‘ಫೋಟೊ ನಮ್ಮದು ಕಾಕಾ. ಆದ್ರ ಇರೂದು ಬ್ಯಾರೆ ಊರಾಗ. ನಮ್ಮ ಹೆಸರಿಲೆ ಅಲ್ಲಿ ಇಟ್ಟಿರತಾರ.’ ಮೂಲೆಯಲ್ಲಿ ಕೂತಿದ್ದ ನಿವೃತ್ತ ಮಾಸ್ತರರು ಬಟ್ಟಲು ಕೆಳಗಿಟ್ಟರು. ‘ಇದರಾಗ ಹೊಸಾದೇನೈತಿ ತಮ್ಮಾ? ಬ್ರಿಟಿಷರ ಕಾಲದ ಧಾರವಾಡ ಗೆಜೆಟಿಯರ್ ತೆಗದು ನೋಡು. ತಾಲೂಕಿನ ಹೆಸರು ಕರ್ಜಗಿ, ಕಚೇರಿ ಹಾವೇರಿಯೊಳಗ. ಹೆಸರು ನಮ್ಮದು, ಮಾಲು ಅವರ ಹತ್ತರ. ಕಡೀಕ ಹೆಸರೂ ಅವರಿಗೇ ಹೋತು.’ 1997ರಲ್ಲಿ ಹಾವೇರಿ ಜಿಲ್ಲೆಯೇ ಆಯಿತು, ಕರ್ಜಗಿ ಹಾವೇರಿ ತಾಲೂಕಿನ ಊರಾಗಿ ಉಳಿಯಿತು. ಕ್ಲೌಡಿನಲ್ಲಿ ಇಟ್ಟದ್ದಕ್ಕೆ ಕೊನೆಗೆ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕ್ಯಾಲಿಫೋರ್ನಿಯಾದವರೂ ವಿವರಿಸಲಾರರು. ಅಪ್‌ಡೇಟ್ ಮಾತ್ರ ‘ಅದು ಬ್ಯಾರೆ ಕಾನ್ಸೆಪ್ಟ್ ಸರ’ ಎಂದು ಬಡ್ಸ್ ಸರಿಮಾಡಿಕೊಂಡ.

ವೇಗದ ಬಗ್ಗೆ ಅವನಿಗೆ ಭಕ್ತಿ. 2023ರ ಜೂನ್ 27ರಂದು ಧಾರವಾಡ-ಬೆಂಗಳೂರು ವಂದೇ ಭಾರತ್ ರೈಲು ಆರಂಭವಾದಾಗ ಕರ್ಜಗಿ ಸ್ಟೇಷನ್ನಿಗೆ ಹೋಗಿ ನಿಂತು, ಗಾಡಿ ದಾಟುವುದನ್ನು ಸ್ಲೋ ಮೋಷನ್ನಿನಲ್ಲಿ ಹಿಡಿದು, ‘ನವ ಭಾರತ’ ಎಂದು ಸ್ಟೇಟಸ್ ಹಾಕಿದ. ಅವನ ದೊಡ್ಡಪ್ಪ ಅದನ್ನು ನೋಡಿ, ‘ನಮ್ಮೂರಾಗ ನಿಂದರದ ಗಾಡಿ ಎಷ್ಟು ಜೋರು ಓಡಿದ್ರ ನಮಗೇನೋ?’ ಎಂದರು. ನಿಲ್ಲುವುದು ಅವನ ವಿಡಿಯೊದಲ್ಲಿ ಮಾತ್ರ.

ಮಳೆಯ ವಿಷಯಕ್ಕೆ ಅವನಿಗೂ ಅಜ್ಜನಿಗೂ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಕದನ ಶುರು. ಅಜ್ಜ ‘ರೋಣಿ ಮಳಿ ಬಂದ್ರ ಓಣಿಯೆಲ್ಲ ಜೋಳ’ ಎಂದು ಆಕಾಶ ನೋಡುತ್ತಾನೆ. ಮೊಮ್ಮಗ ಮೂರು ಆ್ಯಪ್ ನೋಡುತ್ತಾನೆ. ಒಂದು ಮಳೆ ಎನ್ನುತ್ತದೆ, ಒಂದು ಬಿಸಿಲು, ಮೂರನೆಯದು ಶೇಕಡಾ 50. ‘ಶೇಕಡಾ 50 ಅಂದ್ರ ಏನೋ?’ ‘ಬರಬಹುದು, ಬರದೆನೂ ಇರಬಹುದು ಅಜ್ಜಾ.’ ‘ಅಷ್ಟು ಹೇಳಾಕ ಕರೆಂಟ್ ಯಾಕ ಸುಡತೀ?’ ಕರ್ಜಗಿ ಸೀಮೆಯ ಗೋವಿನಜೋಳ ಮಾತ್ರ ಇಬ್ಬರ ಮಾತನ್ನೂ ಕೇಳದೆ, ಮಳೆ ಬಿದ್ದ ಮೇಲೆಯೇ ಮೊಳೆಯುತ್ತದೆ.

ಈಗೊಂದೆರಡು ವರ್ಷದಿಂದ ಎಲ್ಲ ಅಭಿಪ್ರಾಯಗಳೂ ಎಐಗೆ ಬಂದು ಮುಟ್ಟುತ್ತವೆ. ವಕೀಲರು ಹೋದರು, ಡಾಕ್ಟರು ಹೋದರು, ಮಾಸ್ತರರಂತೂ ಹೋಗಿಯೇಬಿಟ್ಟರು ಎಂದು ದಿನಕ್ಕೊಂದು ವೃತ್ತಿಯ ತಿಥಿ ಮಾಡುತ್ತಾನೆ. ತನ್ನ ವೃತ್ತಿ ಹೋಗುವ ಭಯ ಅವನಿಗಿಲ್ಲ, ಅದು ಇನ್ನೂ ಬಂದಿಲ್ಲವಲ್ಲ. ಜೊತೆಗೇ ‘ಇದೆಲ್ಲ ನಮ್ಮಲ್ಲಿ ಮೊದಲ ಇತ್ತು’ ಎಂಬ ಇನ್ನೊಂದು ಸಿದ್ಧಾಂತವೂ ಉಂಟು, ಅದಕ್ಕೆ ಸಾಕ್ಷಿ ದೇವರಗುಡ್ಡದ ಕಾರಣಿಕ, ಅಂದರೆ ಭವಿಷ್ಯವಾಣಿ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಆಯುಧಪೂಜೆಯ ದಿನ ಮಾಲತೇಶನ ಗೊರವಪ್ಪ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ಸಾಲು ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಒಂದು ಸಾಲಿನಲ್ಲಿ ರೈತ ಮಳೆ-ಬೆಳೆ ಹುಡುಕುತ್ತಾನೆ, ರಾಜಕಾರಣಿ ಕುರ್ಚಿ ಹುಡುಕುತ್ತಾನೆ, ವ್ಯಾಪಾರಿ ಹತ್ತಿಯ ರೇಟು ಹುಡುಕುತ್ತಾನೆ. ‘ಇದ ನಮ್ಮ ಒರಿಜಿನಲ್ ಎಐ’ ಎಂದು ಅಪ್‌ಡೇಟ್ ಘೋಷಿಸಿದಾಗ ಅಜ್ಜ ಎಲೆಅಡಿಕೆ ಒಂದು ಕಡೆ ಸರಿಸಿ ಹೇಳಿದ: ‘ಗೊರವಪ್ಪ ಉಪಾಸ ಇದ್ದು ಒಂದ ಮಾತು ಹೇಳತಾನ. ನಿಂದು ಉಂಡು ತೇಗಿ ಹತ್ತು ಪುಟ ಹೇಳತೈತಿ. ಎರಡೂ ಒಂದ ಹೆಂಗೋ?’ ಎಐ ಬಗ್ಗೆ ನಾನು ಓದಿದ ದಪ್ಪ ದಪ್ಪ ಲೇಖನಗಳಲ್ಲಿ ಇಷ್ಟು ಚಿಕ್ಕ ವಿಮರ್ಶೆ ಸಿಕ್ಕಿಲ್ಲ.

ಸಂಸ್ಕೃತಿಯ ವಿಷಯದಲ್ಲಿ ಅವನು ಉಗ್ರ ಅಭಿಮಾನಿ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮೂರೂ ದಿನ ಅಲ್ಲೇ ಇದ್ದ. ಪುಸ್ತಕ ಮಳಿಗೆಯ ಮುಂದೆ ನಿಂತು ತೆಗೆದ ಫೋಟೊಗಳು ಬಹಳ, ತಂದ ಪುಸ್ತಕ ಇಲ್ಲ. ಸಮ್ಮೇಳನದ ದಿನಗಳಲ್ಲೇ ‘ಕನ್ನಡ ಉಳಿಸಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಲ್ಲ ಗುಂಪುಗಳಿಗೂ ಕಳಿಸಿದ. ಕೆ.ಪಿ. ರಾಯರು ಕನ್ನಡಕ್ಕೆ ಒಗ್ಗುವ ಕೀಲಿಮಣೆ ರೂಪಿಸಿದ್ದು, ಶೇಷಾದ್ರಿವಾಸು 1998ರಲ್ಲಿ ‘ಬರಹ’ ತಂತ್ರಾಂಶ ತಂದದ್ದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಲ್ಲಿ ಕೂತದ್ದು, ಇದನ್ನೆಲ್ಲ ಮಾಸ್ತರರು ಹೇಳಿದರೆ ಅವನ ಉತ್ತರ ಸಿದ್ಧ: ‘ಟೈಪಿಂಗ್ ಹಳೇ ಕಾಲದ್ದು ಸರ. ಈಗ ಬಾಯಿಲೆ ಹೇಳಿದ್ರ ಸಾಕು.’

ಅದನ್ನು ತೋರಿಸಲು ಫೋನನ್ನು ಅಜ್ಜಿಯ ಬಾಯಿಗೆ ಹಿಡಿದ. ಅಜ್ಜಿ ಪಾಪ, ಇದ್ದದ್ದನ್ನೇ ಕೇಳಿದಳು: ‘ಸ್ವಾಂಟ ಹಿಡಕೊಂಡೈತಿ, ಏನ ಮಾಡ್ಲೆಪಾ?’ ಫೋನು ಕ್ಷಣ ಯೋಚಿಸಿ, ನಾಯಕಿಯ ಸೊಂಟ ಬಣ್ಣಿಸುವ ಸಿನಿಮಾ ಹಾಡು ಹಚ್ಚಿತು. ‘ಅಜ್ಜಿ, ನೀ ಸ್ವಲ್ಪ ಕ್ಲಿಯರ್ ಆಗಿ ಮಾತಾಡು, ಬೆಂಗಳೂರಿನವರಂಗ’ ಎಂದ ಮೊಮ್ಮಗ. ಅಜ್ಜಿಗೆ ಸಿಟ್ಟು ಬಂತು: ‘ಎಪ್ಪತ್ತು ವರ್ಷ ಎತ್ತಿಗೂ ತಿಳಿದೈತಿ ನನ್ನ ಮಾತು. ಇದಕ್ಕ ತಿಳಿಯಂಗಿಲ್ಲಂದ್ರ ಇದನ್ನ ಶಾಲಿಗೆ ಹಾಕು.’ ಕನ್ನಡದ ತಂತ್ರಜ್ಞಾನ ಇನ್ನು ಮಾಡಬೇಕಾದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಅಜ್ಜಿಯ ಹತ್ತಿರ ಕಳಿಸುತ್ತೇನೆ.

ದೀಪಾವಳಿ ಮುಗಿದರೆ ಹಾವೇರಿ ಜಿಲ್ಲೆಯ ತುಂಬ ಹೋರಿ ಹಬ್ಬ. ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಅಖಾಡದಲ್ಲಿ ನುಗ್ಗಿದರೆ, ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ. ಸಿನಿಮಾ ನಾಯಕರಿಗಿದ್ದಂತೆ ಹೋರಿಗಳಿಗೂ ಬಿರುದು, ಫ್ಲೆಕ್ಸ್, ಅಭಿಮಾನಿ ಬಳಗ. ಸೋದರಮಾವನ ಹೋರಿಗೆ ಇನ್‌ಸ್ಟಾಗ್ರಾಂ ಖಾತೆ ತೆರೆದವನು ನಮ್ಮ ಅಪ್‌ಡೇಟೇ. ಡ್ರೋನ್ ಬಾಡಿಗೆ ತಂದು ಮೇಲಿಂದ ಚಿತ್ರೀಕರಿಸಿದ್ದೂ ಅವನೇ. ಫಲವಾಗಿ ಹೋರಿಗೆ ಅವನಿಗಿಂತ ಹೆಚ್ಚು ಫಾಲೋವರ್ಸ್ ಇದ್ದಾರೆ. ಹೋರಿಗೆ ಇದರ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲದಿರುವುದೇ ಅದರ ಜನಪ್ರಿಯತೆಗೆ ಕಾರಣವಿರಬೇಕು.

ಮದುವೆಯನ್ನೂ ಆಲ್ಗರಿದಮ್ಮಿಗೆ ಬಿಡಬೇಕೆಂಬುದು ಅವನ ವಾದ. ಆ್ಯಪಿನಲ್ಲಿ ತನ್ನ ವಿವರ ತುಂಬಿ ‘ಕಂಟೆಂಟ್ ಕ್ರಿಯೇಟರ್’ ಎಂದು ಬರೆದ. ಬಂದ ಒಂದೇ ಸಂಬಂಧದ ಕಡೆಯವರು ಫೋನ್ ಮಾಡಿ ಕೇಳಿದ್ದು ಎರಡೇ ಮಾತು: ‘ಎಷ್ಟು ಎಕರೆ? ಬೆಂಗಳೂರಾಗ ನೌಕರಿ ಐತೇನ್ರಿ?’ ನಮ್ಮ ಕಡೆ ಹೊಲದಲ್ಲಿ ದುಡಿಯುವ ಹುಡುಗರಿಗೆ ಹೆಣ್ಣು ಸಿಗದ ಕಾಲದಲ್ಲಿ, ಹೊಲಕ್ಕೇ ಹೋಗದ ಹುಡುಗ ಯಾವ ಲೆಕ್ಕಕ್ಕೆ ಸೇರಬೇಕು ಎಂಬುದು ಆಲ್ಗರಿದಮ್ಮಿಗೂ ಗೊತ್ತಾಗಲಿಲ್ಲ.

ಮಾರುಕಟ್ಟೆಯ ಬಗ್ಗೆಯೂ ಅವನಿಗೆ ಅಭಿಪ್ರಾಯ ಉಂಟು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು, ಬ್ಯಾಡಗಿಯ ಮಾರುಕಟ್ಟೆಯಲ್ಲಿ ಇ-ಟೆಂಡರ್ ಬಂತು. ಆದರೂ 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ರೊಚ್ಚಿಗೆದ್ದವರು ಅಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರು. ಅಪ್‌ಡೇಟ್ ಪರಿಹಾರ ಹೇಳಿದ: ‘ಬ್ಲಾಕ್‌ಚೈನ್ ಹಾಕಿದ್ರ ಮುಗೀತು. ಒಂದೊಂದು ಚೀಲಕ್ಕ ಕ್ಯೂಆರ್ ಕೋಡ್.’ ಚೀಲ ಹೊತ್ತು ಗೊತ್ತಿದ್ದ ಅಪ್ಪ ಕೇಳಿದ: ‘ಕೋಡ್ ಹಚ್ಚಿದ್ರ ರೇಟ್ ಏರತೈತೇನು?’ ‘ಏರಂಗಿಲ್ಲ. ಯಾಕ ಇಳೀತು ಅಂತ ಗೊತ್ತಾಗತೈತಿ.’ ಬ್ಯಾಡಗಿ ಮೆಣಸಿನಕಾಯಿಯ ಹೆಸರು ಇರುವುದೇ ಬಣ್ಣಕ್ಕೆ, ಖಾರ ಕಡಿಮೆ. ನಮ್ಮ ಅಪ್‌ಡೇಟನ ಅಭಿಪ್ರಾಯಗಳೂ ಆ ತಳಿಯವೇ.

ಒಮ್ಮೆ ಮಾತ್ರ ಅವನ ಅಭಿಪ್ರಾಯ ರಾತ್ರೋರಾತ್ರಿ ತಿರುವುಮುರುವಾಯಿತು. ಕಿಸೆಯಲ್ಲಿ ನೋಟು ಇಟ್ಟುಕೊಂಡವರನ್ನು ಹಳೇ ಕಾಲದವರೆಂದು ಗೇಲಿ ಮಾಡಿ, ಸೊಪ್ಪು ಮಾರುವ ಅವ್ವಂದಿರಿಗೂ ಕ್ಯೂಆರ್ ಫಲಕ ಅಂಟಿಸಿಕೊಟ್ಟವನು ಅವನು. 2025ರ ಜುಲೈನಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ಜಿಎಸ್‌ಟಿ ನೋಟಿಸು ಬಂತು. ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ 1.63 ಕೋಟಿ ರೂಪಾಯಿ ಬಂದದ್ದೇ ಅದಕ್ಕೆ ಆಧಾರ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ ಎಂಬುದನ್ನು ಫೋನು ತೆರಿಗೆಯವರಿಗೆ ಹೇಳಿರಲಿಲ್ಲ. ರಾಜ್ಯದ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಇಳಿದು ‘ನಗದು ಮಾತ್ರ’ ಎಂಬ ರಟ್ಟು ಏರಿತು. ಸೊಪ್ಪಿನ ಅವ್ವ ಫಲಕ ಕಿತ್ತು ಇವನ ಕೈಗೇ ಕೊಟ್ಟಳು. ಮರುದಿನ ಚಾದಂಗಡಿಯಲ್ಲಿ ಹೊಸ ಭಾಷಣ: ‘ಪ್ರೈವಸಿ ಅನ್ನೂದು ಮೂಲಭೂತ ಹಕ್ಕು ಸರ. ಇದೆಲ್ಲ ನಮ್ಮ ಹಿರ್ಯಾರಿಗೆ ತಿಳಿಯಂಗಿಲ್ಲ.’

ಪ್ರೈವಸಿಯ ಆ ಮಾತನ್ನು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನಿಂದ ಹೇಳಿಸಿದ ಮೊಕದ್ದಮೆ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ನಮ್ಮ ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದವರು, ಆಧಾರ್ ಪ್ರಶ್ನಿಸಿ ಕೋರ್ಟು ಹತ್ತಿದಾಗ ಎಂಬತ್ತು ದಾಟಿದ್ದರು. ಹಿರಿಯರಿಗೆ ತಿಳಿಯುವುದಿಲ್ಲ ಎನ್ನುವ ನಮ್ಮ ಅಪ್‌ಡೇಟನ ಫೋನ್ ಗ್ಯಾಲರಿಯಲ್ಲಿ ಮಾತ್ರ ಅರ್ಧ ಊರಿನ ಆಧಾರ್ ಕಾರ್ಡುಗಳು ಎರಡೂ ಬದಿ ಕಾಣುವಂತೆ ಕೂತಿವೆ.

ಅವು ಅಲ್ಲಿ ಯಾಕಿವೆ ಎಂದು ಹೇಳದಿದ್ದರೆ ಈ ಹುಡುಗನಿಗೆ ಅನ್ಯಾಯವಾದೀತು. ಗೃಹಲಕ್ಷ್ಮಿಯ ಎರಡು ಸಾವಿರ ಬಂದಿಲ್ಲವೆಂದು ಹೆಣ್ಣುಮಕ್ಕಳು ಮೊದಲು ಹುಡುಕುವುದು ಇವನನ್ನು. ಇ-ಕೆವೈಸಿ ಆಗದೆ ಉಳಿದದ್ದು, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ ತಪ್ಪಿದ್ದು, ಉತಾರದಲ್ಲಿ ಅಜ್ಜನ ಹೆಸರಿನ ಒಂದು ಅಕ್ಷರ ಹಾರಿದ್ದು, ಬೆಳೆ ವಿಮೆಯ ಅರ್ಜಿ ತಿರುಗಿ ಬಂದದ್ದು, ಎಲ್ಲವನ್ನೂ ಇವನೇ ಪತ್ತೆ ಹಚ್ಚುತ್ತಾನೆ. ಕಚೇರಿಯಲ್ಲಿ ‘ಸರ್ವರ್ ಇಲ್ಲ’ ಎನ್ನುತ್ತಾರೆ, ಇವನು ರಾತ್ರಿ ಹನ್ನೊಂದಕ್ಕೆ ಸರ್ವರ್ ಎಚ್ಚರವಾಗುವವರೆಗೆ ಕೂತಿರುತ್ತಾನೆ.

ಮುಂಗಾರಿನಲ್ಲಿ ಸರ್ಕಾರದ ಬೆಳೆ ಸಮೀಕ್ಷೆಗೆ ಊರಿನ ಓದಿದ ಹುಡುಗರನ್ನೇ ತೆಗೆದುಕೊಳ್ಳುತ್ತಾರೆ. ಒಂದೊಂದು ಸರ್ವೆ ನಂಬರಿಗೂ ಹೋಗಿ ಬೆಳೆಯ ಫೋಟೊ ತೆಗೆದು ಏರಿಸಬೇಕು. ಆ ಆ್ಯಪ್ ಹುಷಾರಿ: ಹೊಲದ ಗಡಿಯೊಳಗೆ ಕಾಲಿಡದೆ ಫೋಟೊ ಒಪ್ಪುವುದಿಲ್ಲ. ಹೀಗಾಗಿ ಅಪ್ಪ ಬೈದು, ಅಜ್ಜ ಬೇಡಿಕೊಂಡು ಆಗದ ಕೆಲಸವನ್ನು ಒಂದು ಉಪಗ್ರಹ ಮಾಡಿತು. ನಮ್ಮ ಅಪ್‌ಡೇಟ್ ಅಮೆರಿಕದ ವಿಶ್ವವಿದ್ಯಾಲಯವನ್ನು ಎದೆಯ ಮೇಲೆ ಹೊತ್ತು, ಮೊಣಕಾಲವರೆಗೆ ಎರೆಮಣ್ಣು ಮೆತ್ತಿಕೊಂಡು, ಯಾರ ಹೊಲದಲ್ಲಿ ಹತ್ತಿ, ಯಾರದರಲ್ಲಿ ಶೇಂಗಾ, ಎಲ್ಲಿ ಲದ್ದಿಹುಳು ಬಿದ್ದಿದೆ ಎಂದು ಊರಿನ ಇಡೀ ಸೀಮೆ ಅರಿತುಕೊಂಡ. ಆ ದಿನಗಳಲ್ಲಿ ಚಾದಂಗಡಿಯಲ್ಲಿ ಅವನು ಅಭಿಪ್ರಾಯ ಹೇಳುವುದಿಲ್ಲ. ದಣಿದಿರುತ್ತಾನೆ. ಏನಾದರೂ ಹೇಳಿದರೆ ಅದು ಕೇಳುವಂಥ ಮಾತೇ ಆಗಿರುತ್ತದೆ.

ನನ್ನ ತೀರ್ಮಾನ ಇಷ್ಟು: ಅವನ ಅಭಿಪ್ರಾಯಗಳೆಲ್ಲ ಹೊರಗಿನಿಂದ ಇಳಿಸಿಕೊಂಡವು, ಕೆಲಸ ಮಾತ್ರ ಅಪ್ಪಟ ಕರ್ಜಗಿಯದು. ಊರು ಅವನ ಮಾತಿಗೆ ನಗುತ್ತದೆ, ಕೆಲಸಕ್ಕೆ ಕೂಲಿ ಕೊಡುವುದಿಲ್ಲ. ಇದರಲ್ಲಿ ನಗಬೇಕಾದ್ದು ಯಾರನ್ನು ನೋಡಿ ಎಂದು ಒಮ್ಮೆ ಯೋಚಿಸಬೇಕು. ನಿಮ್ಮೂರಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಕರೆದು ಚಾ ಕುಡಿಸಿ. ಅರ್ಜಿಗಿಷ್ಟು ಎಂದು ದುಡ್ಡು ಕೊಡಿ, ಬೇಕಾದರೆ ನಗದಾಗಿಯೇ ಕೊಡಿ. ಎಐ ಬಗ್ಗೆ ಹೇಳಿದರೆ ತಲೆ ಆಡಿಸಿ. ಕೆಲಸ ಮುಗಿದ ಮೇಲೆ ನಿಮ್ಮ ಆಧಾರ್ ಕಾರ್ಡಿನ ಫೋಟೊವನ್ನು ಎದುರಿಗೇ ಅಳಿಸಲು ಹೇಳಿ. ಒಟಿಪಿ ಮಾತ್ರ, ಮಗನಂತಿದ್ದಾನೆ ಎಂದರೂ, ಹೇಳಬೇಡಿ.