ಸೆನ್ಸರ್ ಸುಳಿ ಲಕ್ಷಣ ನಿರ್ಣಯ

ಮಂಗಳ ಶ್ಲೋಕ ಬಿಟ್ಟು ನೇರ ವಿಷಯಕ್ಕೆ ಬರುತ್ತೇವೆ. ಸಂಜೆ ಇನ್ನೊಬ್ಬ ಗಿರಾಕಿ ಬರುತ್ತಾನೆ ಎಂದು ಮಾರುವವನು ಈಗಾಗಲೇ ಹೆದರಿಸಿದ್ದಾನೆ. ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧ ಇರಲೇಬೇಕಷ್ಟೆ. ವಿಷಯ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ, ಸೆನ್ಸರಿನಲ್ಲಿ ಸಣ್ಣಪುಟ್ಟ ಐಬಿರುವ ಹಳೆಯ ಖಗೋಳ ಕ್ಯಾಮೆರಾವನ್ನು ಕೊಳ್ಳಬಹುದೇ, ಕೊಂಡರೆ ಎಷ್ಟಕ್ಕೆ. ಅಧಿಕಾರಿ: ಹೊಸದಕ್ಕೆ ದುಡ್ಡಿಲ್ಲದವನು. ಪ್ರಯೋಜನ: ಓರಿಯನ್ ನೀಹಾರಿಕೆ. ಸಂಬಂಧ: ಬೆಲೆ ಮನೆಯವರಿಗೆ ತಿಳಿಯುವ ತನಕ ಚೆನ್ನಾಗಿರುತ್ತದೆ.

ಐಬು ಹುಡುಕುವ ವಿದ್ಯೆ ನಮ್ಮ ಕಡೆ ಹೊಸದಲ್ಲ. ಸಂಕ್ರಾಂತಿ ಆಸುಪಾಸಿನಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋಗಿ ನೋಡಿ. ಹಳ್ಳಿಕಾರ್ ಹೋರಿಯ ಮುಂದೆ ನಿಂತ ಹಿರಿಯರು ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಆಮೇಲೆ ಮೈಯೆಲ್ಲ ತಡವಿ ಸುಳಿ ಹುಡುಕುತ್ತಾರೆ. ಸುಳಿ ಇರುವುದು ತಪ್ಪಲ್ಲ, ಸುಳಿಯಿಲ್ಲದ ದನವೇ ಇಲ್ಲ. ಎಲ್ಲಿದೆ ಎಂಬುದರ ಮೇಲೆ ಜಗಳ. ಇಲ್ಲಿದ್ದರೆ ಮನೆಗೆ ಲಕ್ಷ್ಮಿ, ನಾಲ್ಕು ಬೆರಳು ಆಚೆ ಸರಿದರೆ ಯಜಮಾನನಿಗೆ ಕಂಟಕ. ಪ್ರಸ್ತುತ ಗ್ರಂಥಕರ್ತರು ಈ ನ್ಯಾಯವನ್ನು ಒಂದಕ್ಷರವೂ ಬದಲಿಸದೆ ಸೆನ್ಸರಿಗೆ ಅನ್ವಯಿಸಿದ್ದಾರೆ. ಅದೇ ಈ ಕೃತಿಯ ಏಕೈಕ ಸಂಶೋಧನೆ.

ಮೊದಲ ಸೂತ್ರ: ಚೆದುರಿದ ಸುಳಿ ದೋಷವಲ್ಲ.

ವ್ಯಾಖ್ಯಾನ: ಬೆಳಕು ಬೀಳದಿದ್ದರೂ, ಬರೀ ಶಾಖಕ್ಕೇ ಸಿಲಿಕಾನಿನೊಳಗೆ ಎಲೆಕ್ಟ್ರಾನುಗಳು ಏಳುತ್ತವೆ. ಕೆಲವು ಪಿಕ್ಸೆಲ್‌ಗಳಲ್ಲಿ ಇದು ಅತಿರೇಕಕ್ಕೆ ಹೋಗಿ, ಅವು ಇಲ್ಲದ ನಕ್ಷತ್ರಕ್ಕೆ ಲೆಕ್ಕ ಬರೆದುಬಿಡುತ್ತವೆ. ಇವೇ ಹಾಟ್ ಪಿಕ್ಸೆಲ್. ಶಾಖ ಸುಮಾರು 6 ಡಿಗ್ರಿ ಏರಿದರೆ ಈ ಸುಳ್ಳು ಲೆಕ್ಕ ಇಮ್ಮಡಿ, ಅಷ್ಟೇ ಇಳಿದರೆ ಅರ್ಧ. ಕ್ಯಾಮೆರಾದ ಬೆನ್ನಿಗೆ ಕೂಲರ್ ಕೂರಿಸಿರುವುದು ಇದಕ್ಕೇ. ಸೋನಿಯ ಐಎಂಎಕ್ಸ್ 533 ಸೆನ್ಸರಿನ ಕ್ಯಾಮೆರಾದಲ್ಲಿ 3008ಕ್ಕೆ 3008, ಅಂದರೆ 90 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್. ಅದರಲ್ಲಿ ಒಂಬತ್ತು ಸಾವಿರ ಕೆಟ್ಟಿವೆಯೆಂದು ಎದೆ ಬಡಿದುಕೊಳ್ಳುವವನು, ಅದು ಸಾವಿರಕ್ಕೊಂದು ಎಂಬುದನ್ನು ಮರೆತಿರುತ್ತಾನೆ. ಮುಚ್ಚಳ ಹಾಕಿ ಅದೇ ಶಾಖದಲ್ಲಿ, ಅಷ್ಟೇ ಹೊತ್ತು ತೆಗೆದ ಡಾರ್ಕ್ ಫ್ರೇಮ್‌ಗಳನ್ನು ಕಳೆದರೆ ಮುಕ್ಕಾಲುಪಾಲು ಪಾಪ ಪರಿಹಾರ. ಪ್ರತಿ ಚಿತ್ರಕ್ಕೂ ದೂರದರ್ಶಕವನ್ನು ಕೂದಲೆಳೆಯಷ್ಟು ಸರಿಸುತ್ತ ಹೋದರೆ, ಅಂದರೆ ಡಿದರಿಂಗ್ ಮಾಡಿದರೆ, ಉಳಿದದ್ದೂ ಮಾಯ. ಧೂಳಂತೂ ಐಬೇ ಅಲ್ಲ, ಸಮನಾದ ಬೆಳಕಿಗೆ ಹಿಡಿದು ತೆಗೆಯುವ ಫ್ಲಾಟ್ ಫ್ರೇಮಿಗೆ ಬಿಟ್ಟುಬಿಡಿ.

ಎರಡನೆಯ ಸೂತ್ರ: ಸಾಲುಸುಳಿಗೆ ಬೆಲೆ ಇಳಿಸು, ಬೆವರುವ ಸೆನ್ಸರಿಗೆ ಕೈ ಮುಗಿ.

ಒಂದು ಕಾಲಮ್ಮೇ ಮೇಲಿಂದ ಕೆಳಗೆ ಸತ್ತಿದ್ದರೆ ಅದು ಸಾಲುಸುಳಿ. ಚಿತ್ರ ಅದೇ ಸಾಲಿನುದ್ದಕ್ಕೆ ಜರುಗಿದರೆ ಡಿದರಿಂಗಿಗೂ ಬಗ್ಗದು, ಅಡ್ಡಕ್ಕೆ ಜರುಗಿಸಿದರೆ ಬಗ್ಗುತ್ತದೆ. ಸೆನ್ಸರಿನ ಕೋಣೆಯೊಳಗೆ ತೇವ ಹೊಕ್ಕು, ತಂಪಾದ ಕೂಡಲೇ ಹಿಮ ಕಟ್ಟುವುದು ಬೇರೆ ಜಾತಿಯ ಐಬು. ತೇವ ಹೀರುವ ಗುಳಿಗೆ ಬದಲಿಸಿದರೆ ಸರಿಹೋಗುತ್ತದೆ ಎಂದು ಮಾರುವವನು ಹೇಳಿದರೆ, ಬದಲಿಸಿ ತೋರಿಸು ಎನ್ನಿ. ಇನ್ನು ಚಿತ್ರದ ಅಂಚಿನಲ್ಲಿ ಹರಡುವ ಆಂಪ್ ಗ್ಲೋ. ಐಎಂಎಕ್ಸ್ 294ಕ್ಕೆ ಇದು ಹುಟ್ಟಿನಿಂದಲೇ ಬಂದದ್ದು, 533ಕ್ಕೆ ಇಲ್ಲ. ಇದನ್ನು ಹಿಡಿದುಕೊಂಡು ಚೌಕಾಸಿ ಮಾಡುವವನು ಅರೆಪಂಡಿತ.

ಇಲ್ಲಿ ಪೂರ್ವಪಕ್ಷದವರು (ನಮ್ಮ ಭಾವಮೈದುನ) ಎದ್ದು ನಿಲ್ಲುತ್ತಾರೆ: “ಭಾವ, ಕಣ್ಣಲ್ಲಿ ಹೂ ಬಿದ್ದಿರೋದನ್ನ ತಂದು ಆಕಾಶ ನೋಡ್ತೀರಾ?” ಇದಕ್ಕೆ ಶಿಷ್ಟಾಚಾರವೇ ಪ್ರಮಾಣ. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕದ 21 ಸೆನ್ಸರ್ ಘಟಕಗಳಲ್ಲಿ ಒಂದು 2010ರ ಜನವರಿಯಲ್ಲೇ ಸತ್ತಿತು. ಆದರೂ ಕೆಪ್ಲರ್ 2018ರ ತನಕ ದುಡಿದು, 2,600ಕ್ಕೂ ಹೆಚ್ಚು ಪರಗ್ರಹಗಳನ್ನು ತೋರಿಸಿತು. ದೂರ ಯಾಕೆ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್ ಮುಂದಾಳತ್ವದಲ್ಲಿ ತಯಾರಾಗಿ, 2015ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೋಸ್ಯಾಟ್ ಜೊತೆ ಮೇಲೇರಿದ ನೇರಳಾತೀತ ದೂರದರ್ಶಕದ ಮೂರು ಕವಲುಗಳಲ್ಲಿ ಒಂದು 2018ರಲ್ಲಿ ನಿಂತೇಹೋಯಿತು. ಉಳಿದವು ಕೆಲಸ ಮುಂದುವರಿಸಿದವು. ಒಂದು ಕಣ್ಣು ಹೋಯಿತೆಂದು ಅದನ್ನು ಯಾರೂ ಗುಜರಿಗೆ ಹಾಕಲಿಲ್ಲ. ಭಾವಮೈದುನ ಕೂತರು.

ಈಗ ಪ್ರಯೋಗ ವಿಧಿ. ಜಾತ್ರೆಯಲ್ಲಿ ಬೆಲೆ ಕೂಗುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲ್ ಇಳಿಸಿ ಕೈಗಳ ಮೇಲೆ ಹೊದಿಸುತ್ತಾನೆ, ಒಳಗೆ ಬೆರಳುಗಳೇ ಮಾತಾಡುತ್ತವೆ. ಅಂಥ ಒಬ್ಬ ಹಿರಿಯರನ್ನು ಕ್ಯಾಮೆರಾದ ಮುಂದೆ ಕೂರಿಸಿದ್ದೇವೆ ಎಂದಿಟ್ಟುಕೊಳ್ಳಿ.

“ಇದ್ಕೆ ಎಷ್ಟ್ ಹಲ್ಲಾಗದೆ ಸ್ವಾಮಿ?”

“ಎರಡು ವರ್ಷ ಬಳಸಿದ್ದು ಯಜಮಾನ್ರೇ.”

“ಹಂಗಾದ್ರೆ ಇನ್ನೂ ಹಾಲಲ್ಲು ಬುಡಿ. ಸುಳಿ ಎಲ್ಲವೆ, ತೋರ್ಸಿ.”

ಅವರು ಟವೆಲ್ ತೆಗೆದು ಕ್ಯಾಮೆರಾದ ಮೇಲೆ ಹೊದಿಸುತ್ತಾರೆ. ನಗಬೇಡಿ. ಪ್ಲಾಸ್ಟಿಕ್ ಮುಚ್ಚಳಗಳಲ್ಲಿ ಕೆಲವು ಅವಕೆಂಪು ಬೆಳಕನ್ನು ಸೋರಿಸಿಕೊಂಡು ಡಾರ್ಕ್ ಫ್ರೇಮನ್ನೇ ಹಾಳುಮಾಡುತ್ತವೆ. ದಪ್ಪ ಟವೆಲ್ ಎರಡು ಮಡಿಕೆ ಹೊದಿಸುವುದು ಒಳ್ಳೆಯ ಅಭ್ಯಾಸವೇ. ಒಳಗೆ ಐದು ನಿಮಿಷ ಕತ್ತಲು. ಅಷ್ಟರಲ್ಲಿ ಸುಳಿಗಳೆಲ್ಲ ಲ್ಯಾಪ್‌ಟಾಪ್ ಪರದೆಯ ಮೇಲೆ ಬಿಳಿಬಿಳಿಯಾಗಿ ಎದ್ದಿರುತ್ತವೆ. ಯಜಮಾನರು ಬೆರಳು ಮಡಿಸುತ್ತಾರೆ, ಬೆಲೆ ಇಳಿಯುತ್ತದೆ.

ಈ ಪರೀಕ್ಷೆಯನ್ನು ಏಪ್ರಿಲ್ ಮಧ್ಯಾಹ್ನ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಮಾಡಬಾರದು. ಇಂಥ ಕೂಲರ್‌ಗಳು ಸುತ್ತಲಿನ ಶಾಖಕ್ಕಿಂತ ಸುಮಾರು 35 ಡಿಗ್ರಿ ಕೆಳಗಿಳಿಸುತ್ತವೆ. ಹೊರಗೆ 35 ಇದ್ದರೆ ಸೊನ್ನೆಯಲ್ಲೇ ಮುಗ್ಗರಿಸುತ್ತವೆ, ಮೈನಸ್ 10 ಬೇಕಾದರೆ ರಾತ್ರಿಗೆ ಕಾಯಿರಿ. 12 ವೋಲ್ಟ್ ಕರೆಂಟಿಗೆ ಟ್ರ್ಯಾಕ್ಟರ್ ಬ್ಯಾಟರಿ ಸಾಕು.

ಸೆನ್ಸರಿನ ಸುಳಿಗೆ ಇಷ್ಟು ತಲೆ ಕೆಡಿಸಿಕೊಂಡವರು ಆಕಾಶದ ಸುಳಿಯನ್ನು ನೋಡುವುದೇ ಇಲ್ಲ. ಜೂನ್‌ನಿಂದ ತಿಂಗಳುಗಟ್ಟಲೆ ಮೋಡ. ಪಿರಿಯಾಪಟ್ಟಣ, ಹುಣಸೂರು ಕಡೆ ತಂಬಾಕು ಬೇಯಿಸುವ ಕಾಲಕ್ಕೆ ಬ್ಯಾರನ್‌ಗಳ ಹೊಗೆ. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ಚಳಿಗಾಲದ ಮಂಜು ಲೆನ್ಸಿನ ಮೇಲೆ ಕೂರುತ್ತದೆ. ಎಚ್.ಡಿ. ಕೋಟೆಯಲ್ಲಿ, ಕಬಿನಿ ಹಿನ್ನೀರಿನಾಚೆ, ಕತ್ತಲು ನಿಜಕ್ಕೂ ಕತ್ತಲು. ಆದರೆ ಐದೈದು ನಿಮಿಷದ ಚಿತ್ರ ಮುಗಿಯುವ ತನಕ ಅಲ್ಲಿ ನಿಂತಿರಲು ಆನೆ ಒಪ್ಪಬೇಕು. ಈ ಯಾವ ಐಬಿಗೂ ಡಾರ್ಕ್ ಫ್ರೇಮ್ ಇಲ್ಲ. ವರ್ಷದಲ್ಲಿ ಸಿಗುವ ಒಳ್ಳೆಯ ರಾತ್ರಿಗಳ ಎದುರು ಒಂಬತ್ತು ಸಾವಿರ ಪಿಕ್ಸೆಲ್ ಯಾವ ಲೆಕ್ಕ?

ಆದ್ದರಿಂದ ನಿರ್ಣಯ: ಚೆದುರಿದ ಸುಳಿಯ ಕ್ಯಾಮೆರಾವನ್ನು ಚೌಕಾಸಿ ಮಾಡಿ ಧಾರಾಳವಾಗಿ ಕೊಳ್ಳತಕ್ಕದ್ದು.

ಮಾರುವ ಮಹಾಶಯರಲ್ಲಿ ಒಂದು ಪ್ರಾರ್ಥನೆ. ಬಣ್ಣಬಣ್ಣದ ನೀಹಾರಿಕೆಯ ಚಿತ್ರ ಕಳಿಸಿ ನಮ್ಮನ್ನು ಮರುಳು ಮಾಡಬೇಡಿ. ಐದು ನಿಮಿಷದ ಒಂದೇ ಒಂದು ಕಪ್ಪು ಚಿತ್ರವನ್ನು, ಶಾಖವೆಷ್ಟು, ಗೇನ್ ಎಷ್ಟು ಎಂದು ಬರೆದು, ಮೂಲ ಫಿಟ್ಸ್ ಫೈಲಾಗಿಯೇ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಮಾಡಿ ಕಳಿಸಿದರೆ, ಅದು ಚಿತ್ರ ಕುಗ್ಗಿಸುವಾಗ ಸುಳಿಗಳನ್ನೂ ನುಂಗಿಹಾಕುತ್ತದೆ.