ಹುಳಿ ಸೇಬು, ಹುಸಿ ಚಮಚ

ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಮಗಳ ಮನೆಗೆ ಹೋದಾಗ ಅವರೂರಲ್ಲಿ ಸೇಬಿನ ಹಬ್ಬ. 1990ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಶುರುವಾದ ‘ಆ್ಯಪಲ್ ಡೇ’ ಈಗ ಊರೂರಿಗೂ ಹಬ್ಬಿದೆ. ನನಗೆ ಗೊತ್ತಿದ್ದ ಸೇಬು ಎರಡೇ ಜಾತಿ: ಸ್ಟಿಕ್ಕರ್ ಇರುವುದು, ಇಲ್ಲದ್ದು. ಇಲ್ಲೋ, ಮೇಜಿನುದ್ದಕ್ಕೂ ಹೋಳುಗಳ ತಟ್ಟೆ, ಒಂದೊಂದಕ್ಕೂ ಹೆಸರಿನ ಚೀಟಿ. ‘ಎಗ್ರೆಮಾಂಟ್ ರಸೆಟ್’ ನೋಡಲು ಥೇಟ್ ಆಲೂಗಡ್ಡೆ, ಬಾಯಿಗಿಟ್ಟರೆ ಗೋಡಂಬಿಯ ನೆನಪು. ಹಸಿರಗೆ, ದಪ್ಪಗೆ ಕೂತಿದ್ದ ‘ಬ್ರಾಮ್ಲಿ’ಯನ್ನು ಧಾರಾಳವಾಗಿ ಕಚ್ಚಿದೆ. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

“ಅಪ್ಪಾ, ಅದು ಬೇಯಿಸೋ ಸೇಬು!”

ಗೊಜ್ಜಿಗೆ ಹೇಳಿ ಮಾಡಿಸಿದ ಹುಳಿ. ಒಂದು ಕಿಲೋ ಕಟ್ಟಿಸಿಕೊಂಡೆ.

ಮಧ್ಯಾಹ್ನ ಕಾಡಣಬೆ ಗುರುತಿಸುವ ನಡಿಗೆ. ಮಳೆಗಾಲದ ಹುತ್ತದ ಮೇಲಿನ ಅಣಬೆ ತಿಂದು ಬೆಳೆದ ಮಲೆನಾಡಿನವನು ನಾನು, ಸುಮ್ಮನಿರಲಾದೀತೇ? “ಬೆಳ್ಳಿ ಚಮಚ ಕಪ್ಪಾದರೆ ವಿಷ, ಅಲ್ಲವೇ?” ಎಂದೆ.

“ಹಾಗೆ ನಂಬಿದವರ ಚಮಚ ಮಾತ್ರ ಉಳಿದಿದೆ,” ಎಂದರು ದಾರಿ ತೋರುತ್ತಿದ್ದ ಅಜ್ಜಿ. ಓಕ್ ಮರದಡಿ ಮಂಡಿಯೂರಿ, ತಿಳಿಹಸಿರು ಕೊಡೆಯ ಅಣಬೆಯೊಂದರ ಬುಡದ ಮಣ್ಣನ್ನು ಬೆರಳಿಂದ ಸರಿಸಿದರು. ಕೆಳಗೆ ಹರಿದ ಬಿಳಿ ಚೀಲ. ‘ಡೆತ್ ಕ್ಯಾಪ್’! ಬೇಯಿಸಿದರೂ ವಿಷ ಇಳಿಯದು. ಹೊಟ್ಟೆ ಕೆಡುವುದೂ ಆರೇಳು ಗಂಟೆ ಕಳೆದ ಮೇಲೆಯೇ. ನನ್ನ ಕೈಗಳು ತಾವಾಗಿ ಜೇಬು ಸೇರಿದವು.

ರಾತ್ರಿ ಬ್ರಾಮ್ಲಿ ಗೊಜ್ಜು ಬಡಿಸಿದೆ. ಅಳಿಯಂದಿರು ತುತ್ತು ಹಿಡಿದೇ ಕೇಳಿದರು: “ಮಾವ, ಇದರಲ್ಲಿ ಅಣಬೆ ಇಲ್ಲ ತಾನೇ?”