ಮೆಟ್ಟಲಾಗದ ಮೆಟ್ಟು

ಪಾದರಕ್ಷೆಗಳ ಸ್ಥಾನವು ಹೊಸ್ತಿಲಿನ ಹೊರಗೆ ಎಂಬ ವಿಷಯದಲ್ಲಿ ನಮ್ಮ ವಂಶದಲ್ಲಿ ಎಂದಾದರೂ ಭಿನ್ನಾಭಿಪ್ರಾಯವಿದ್ದುದನ್ನು ನಾನು ಕೇಳಿಲ್ಲ. ಮೈಸೂರಿನ ಮನೆಯಲ್ಲಿ ಜಗಲಿಯ ಮೂಲೆಯಲ್ಲಿಯೂ, ನ್ಯೂಜೆರ್ಸಿಗೆ ಬಂದಮೇಲೆ ಗ್ಯಾರೇಜಿನ ಬಾಗಿಲ ಬಳಿಯಲ್ಲಿಯೂ ಅವು ತಮ್ಮ ಅಂತಸ್ತನ್ನರಿತು ವಿನಯದಿಂದ ಬಿದ್ದುಕೊಂಡಿದ್ದವು. ಹೀಗಿರುವಲ್ಲಿ, ಹೈಸ್ಕೂಲಿನಲ್ಲಿ ಓದುತ್ತಿರುವ ನಮ್ಮ ಚಿರಂಜೀವಿಯು, ಬೇಸಿಗೆಯ ರಜೆಯಲ್ಲಿ ದುಡಿದ ಹಣದ ಜೊತೆಗೆ ಹುಟ್ಟುಹಬ್ಬದ ನೆಪದಲ್ಲಿ ನಮ್ಮಿಂದ ವಸೂಲುಮಾಡಿದ್ದನ್ನೂ ಕೂಡಿಸಿ, ಬೀದಿಗೋಡೆಗಳ ಮೇಲೆ ಚಿತ್ರ ಬರೆದು ಪ್ರಖ್ಯಾತರಾದವರ ಕೈವಾಡವುಳ್ಳ ಸ್ನೀಕರ್‌ಗಳನ್ನು ಒಂದೊಂದಾಗಿ ತರಿಸಿ, ನನ್ನ ನಿಘಂಟುಗಳಿದ್ದ ಕಪಾಟನ್ನು ತೆರವು ಮಾಡಿಸಿ, ಪಾರದರ್ಶಕವಾದ ಪೆಟ್ಟಿಗೆಗಳಲ್ಲಿ ಅವನ್ನು ಪ್ರತಿಷ್ಠಾಪಿಸಿದನು. ನಾನು ಆಚಾರದ ಮಾತೆತ್ತಿದೆ. ಭಾನುವಾರದ ಕನ್ನಡ ಶಾಲೆಯಲ್ಲಿ ರಾಮಾಯಣದ ನಾಟಕವಾಡಿದ್ದ ಅವನು, “ಅಪ್ಪಾ, ಭರತ ಸಿಂಹಾಸನದ ಮೇಲೆ ಏನಿಟ್ಟಿದ್ದ?” ಎಂದು ಕೇಳಿದನು. ಶಾಲೆಯ ಶುಲ್ಕವು ವ್ಯರ್ಥವಾಗಲಿಲ್ಲವೆಂಬ ಸಮಾಧಾನವೊಂದನ್ನುಳಿದು ಆ ಪ್ರಶ್ನೆಯಿಂದ ನನಗೆ ಬೇರಾವ ಲಾಭವೂ ಆಗಲಿಲ್ಲ.

ಈ ಶಾಸ್ತ್ರದ ಪುರಾಣೇತಿಹಾಸಗಳನ್ನು ಅವನು ರಾತ್ರಿಯ ಊಟದ ವೇಳೆ ನಮಗೆ ಪ್ರವಚನದಂತೆ ಕೇಳಿಸುವನು. ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕಿನ ಸಬ್‌ವೇ ರೈಲುಗಳಿಗೆ ಕದ್ದು ಬಣ್ಣ ಬಳಿಯುತ್ತಿದ್ದವರಲ್ಲೊಬ್ಬನಾದ ಫ್ಯೂಚುರಾ ಎಂಬಾತನನ್ನು ಕಾಲಾಂತರದಲ್ಲಿ ನೈಕಿ ಕಂಪನಿಯೇ ಕರೆದು ಬೂಟು ರೂಪಿಸಲು ಕೇಳಿಕೊಂಡಿತಂತೆ. ದೇಶದೇಶಗಳ ನೋಟಿನ ಚಿತ್ರಗಳನ್ನು ಮೈತುಂಬ ಹೊದ್ದ ಅವನ ಒಂದು ಬಗೆಯ ಬೂಟು ಇಡೀ ಲೋಕಕ್ಕೆ 24 ಜೊತೆ ಮಾತ್ರವಂತೆ. ಕಾಸ್ ಎಂಬ ಕಲಾವಿದನಂತೂ ನಮ್ಮ ನೆರೆಯ ಜೆರ್ಸಿ ಸಿಟಿಯಲ್ಲಿ ಹುಟ್ಟಿದವನು. 2017ರಲ್ಲಿ 350 ಡಾಲರಿಗೆ ಹೊರಬಂದ ಅವನ ಬೂದುಬಣ್ಣದ ಜೋರ್ಡನ್ ಬೂಟಿನ ಅಡಿಭಾಗವು ಕತ್ತಲೆಯಲ್ಲಿ ಹೊಳೆಯುವುದು. ಕತ್ತಲೆಯಲ್ಲಿ ಬೂಟನ್ನು ಯಾರು ನೋಡುತ್ತಾರೆಂದು ನನ್ನ ಮಡದಿ ಕೇಳಿದುದಕ್ಕೆ ಉತ್ತರ ಬರಲಿಲ್ಲ. 2005ರ ಫೆಬ್ರವರಿಯಲ್ಲಿ, ಜೆಫ್ ಸ್ಟೇಪಲ್ ಎಂಬ ವಿನ್ಯಾಸಕಾರನು ಪಾರಿವಾಳದ ಗುರುತು ಹಾಕಿದ ಬೂಟುಗಳನ್ನು ಮ್ಯಾನ್‌ಹಟನ್ನಿನ ತನ್ನ ಅಂಗಡಿಯಲ್ಲಿ ಮಾರಾಟಕ್ಕಿಟ್ಟಾಗ, ಅಲ್ಲಿದ್ದ ಕೆಲವೇ ಜೊತೆಗಳಿಗಾಗಿ ಜನ ಚಳಿಯಲ್ಲಿ ಬೀದಿಯಲ್ಲೇ ಬೀಡುಬಿಟ್ಟು, ಕೊನೆಗೆ ಪೋಲೀಸರೇ ಬಂದು, ಕೊಂಡವರನ್ನು ಟ್ಯಾಕ್ಸಿ ಹತ್ತಿಸಿ ಕಳುಹಿಸಬೇಕಾಯಿತೆಂಬ ಕಥೆಯನ್ನು ಮಗನು ರೋಮಾಂಚನದಿಂದ ಹೇಳಿದನು. ಗ್ರೀನ್ ಕಾರ್ಡಿನ ಸಾಲಿನಲ್ಲಿಯೇ ತಲೆ ನರೆಸಿಕೊಂಡ ನಮಗೆ ಅದು ತೀರ ಚಿಕ್ಕ ಸಾಲಾಗಿ ತೋರಿತು.

ಇಷ್ಟೆಲ್ಲ ಪಾಡುಪಟ್ಟು ತಂದದ್ದನ್ನು ಮೆಟ್ಟುವುದಾದರೂ ಉಂಟೇ ಎಂದರೆ, ಅದೇ ಮಹಾಪರಾಧ. ಅವನ ಸಂಗ್ರಹದಲ್ಲಿ ಗೋಡೆಚಿತ್ರದ ಹುಡುಗನೊಬ್ಬನಿಂದ ಹೇಳಿ ಬರೆಸಿಕೊಂಡ ಬಿಳಿಯ ಜೊತೆಯೊಂದಿದೆ: ಚರ್ಮದ ಮೇಲಿನ ನುಣುಪನ್ನು ಅಸಿಟೋನಿನಿಂದ ಒರೆಸಿ ತೆಗೆದು, ತೆಳುವಾಗಿ ಪದರದ ಮೇಲೆ ಪದರ ಬಣ್ಣ ಬಳಿದು, ಒಂದೊಂದೂ ಆರಿದ ಬಳಿಕ ಮುಂದಿನದನ್ನು ಹಚ್ಚಿ, ಅಂಗುಷ್ಠದ ಬಳಿ ಕೂದಲೆಳೆಯಷ್ಟು ಸಣ್ಣ ಗೆರೆಗಳಿಂದ ಹಸಿರು ಕಣ್ಣೊಂದನ್ನು ಬಿಡಿಸಿದ್ದಾನೆ. ಹೆಜ್ಜೆಯಿಟ್ಟರೆ ಚರ್ಮ ಮಡಿಚಿ ಆ ಕಣ್ಣಿಗೆ ಸುಕ್ಕು ಬೀಳುವುದೆಂದು ಮಗನ ಭಯ.

ಈ ಅವಿವೇಕಕ್ಕೆ ಮದ್ದು ನಮ್ಮ ತಾಯಿಯವರೊಬ್ಬರೇ ಎಂದು ನಂಬಿ, ಅವರು ಮೈಸೂರಿನಿಂದ ಬರುವುದನ್ನೇ ನಾನು ಕಾದಿದ್ದೆನು. ಅವರು ಬಂದರು, ಕಪಾಟಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತರು, ಒಂದೊಂದರ ಬೆಲೆಯನ್ನೂ ಕೇಳಿ ಮನಸ್ಸಿನಲ್ಲಿಯೇ ರೂಪಾಯಿಗೆ ಪರಿವರ್ತಿಸಿ, ಕ್ಷಣಕಾಲ ಕಣ್ಮುಚ್ಚಿದರು.

“ಹಾಕ್ಕೊಳ್ಳೋದಿಲ್ವೇನೋ ಮಗು?”

“ಇಲ್ಲ ಅಜ್ಜಿ. ಹಾಕ್ಕೊಂಡ್ರೆ ಹಾಳಾಗತ್ತೆ.”

ನಾನು ನಿರೀಕ್ಷಿಸಿದ್ದ ಗುಡುಗು ಬರಲಿಲ್ಲ. ತಮ್ಮ ಧಾರೆಸೀರೆಯನ್ನು ನನ್ನ ಉಪನಯನಕ್ಕೆ ಒಮ್ಮೆ, ತಂಗಿಯ ಮದುವೆಗೆ ಒಮ್ಮೆ ಮಾತ್ರ ಉಟ್ಟು, ಉಳಿದ ಆಯುಷ್ಯವನ್ನೆಲ್ಲ ಅದನ್ನು ಬೀರುವಿನಲ್ಲಿ ಕಾಪಾಡುವುದರಲ್ಲಿಯೇ ಕಳೆದ ಆ ಜೀವಕ್ಕೆ, ಸಪ್ತಸಾಗರದಾಚೆ ತನ್ನನ್ನು ಅರಿಯಬಲ್ಲ ಸಂತಾನವೊಂದು ಕಡೆಗೂ ದೊರಕಿತ್ತು. “ವರ್ಷಕ್ಕೊಂದ್ಸಲ ಆಚೆ ತೆಗೆದು ಗಾಳಿಗೆ ಇಡ್ತೀಯಾ? ಮುಚ್ಚಿಟ್ಟೇ ಇದ್ರೆ ಜರಿ ಮಡಿಕೇಲೇ ಸೀಳತ್ತೆ” ಎಂದರು. ಹುಡುಗನು ಬೆರಗಾದನು, ಏಕೆಂದರೆ ಬೂಟಿನ ವಿಷಯದಲ್ಲಿಯೂ ಸತ್ಯವು ಅದೇ ಆಗಿತ್ತು. ಅನೇಕ ಬೂಟುಗಳ ಅಟ್ಟೆಯೊಳಗಿನ ಪಾಲಿಯುರಿಥೇನ್ ನೊರೆಯು ಗಾಳಿಯ ತೇವವನ್ನು ಹೀರಿ ವರ್ಷಗಳು ಕಳೆದಂತೆ ತಾನೇ ವಿಘಟಿಸಿ, ಒಮ್ಮೆಯೂ ಮೆಟ್ಟದಿದ್ದರೂ ಪುಡಿಪುಡಿಯಾಗುವುದುಂಟು. ಆಗಾಗ್ಗೆ ಮೆಟ್ಟಿದವೇ ಹೆಚ್ಚು ಬಾಳುವುವೆಂದು ಸಂಗ್ರಾಹಕರೇ ಹೇಳುವರು. ಅಜ್ಜಿ ಮೊಮ್ಮಕ್ಕಳು ಬಹಳ ಹೊತ್ತು ಮಂತ್ರಾಲೋಚನೆ ನಡೆಸಿ, ಹಬ್ಬಗಳಲ್ಲಿ ಮಾತ್ರ ಮೆಟ್ಟತಕ್ಕದ್ದೆಂದೂ, ಬೀದಿಯ ಧೂಳು ಸೋಕಬಾರದಾದುದರಿಂದ ಮನೆಯ ಒಳಗೇ ಮೆಟ್ಟತಕ್ಕದ್ದೆಂದೂ ನಿರ್ಣಯಿಸಿದರು.

ಅದರಂತೆ ಈ ಯುಗಾದಿಯಂದು, ನಾವೆಲ್ಲ ಬರಿಗಾಲಿನಲ್ಲಿ ಬೇವುಬೆಲ್ಲ ಹಿಡಿದು ನಿಂತಿರಲು, ಕುಮಾರನು ಹಸಿರು ಕಣ್ಣಿನ ಬೂಟನ್ನು ಮೆಟ್ಟಿ, ಸುಕ್ಕು ಬೀಳದಂತೆ ಕೊಕ್ಕರೆಯ ನಡೆಯಲ್ಲಿ ಜಮಖಾನದ ಮೇಲೆ ಪ್ರದಕ್ಷಿಣೆ ಬಂದನು. ಆಮೇಲೆ ಅವನ್ನು ಒರೆಸಿಟ್ಟು, ಬ್ರಿಡ್ಜ್‌ವಾಟರಿನ ದೇವಸ್ಥಾನಕ್ಕೆ ಹೊರಡುವಾಗ ಗ್ಯಾರೇಜಿನಲ್ಲಿದ್ದ ನನ್ನ ಚಪ್ಪಲಿಗಳನ್ನು ಮೆಟ್ಟಿಕೊಂಡು ಕಾರು ಹತ್ತಿದನು. ನಾನು ಬೇರೆ ಗತಿಯಿಲ್ಲದೆ ಕಪಾಟಿನತ್ತ ಕೈಚಾಚಿದೆನಷ್ಟೆ, ಹಿಂದಿನಿಂದ ಅಮ್ಮ ಗದರಿದರು: “ಕೈ ತೊಳ್ಕೊಂಡು ಮುಟ್ಟೋ!”